ಜಾನ್ ಸ್ಟೀವರ್ಟ್ ಬಿಟ್ಟುಹೋದ ಕುರ್ಚಿ: ‘ದಿ ಡೈಲಿ ಶೋ’ ಎಡವಿದ್ದು 2015ರಲ್ಲೋ, 2023ರಲ್ಲೋ?

ತಡರಾತ್ರಿ ವೀಕ್ಷಕ

ಸುದ್ದಿಯನ್ನು ಅಣಕಿಸುವ ಅಮೆರಿಕದ ಟಿವಿ ಕಾರ್ಯಕ್ರಮ ‘ದಿ ಡೈಲಿ ಶೋ’ ಕುರಿತು ಮಾತು ಬಂದಾಗಲೆಲ್ಲ ಒಂದೇ ತೀರ್ಪು ಕೇಳಿಬರುತ್ತದೆ. ಜಾನ್ ಸ್ಟೀವರ್ಟ್ ಇರುವಷ್ಟು ಕಾಲ ಅದಕ್ಕೆ ಜೀವವಿತ್ತು, 2015ರಲ್ಲಿ ಅವರ ಜಾಗಕ್ಕೆ ಟ್ರೆವರ್ ನೋವಾ ಬಂದದ್ದೇ ತಡ ಕಳೆಗುಂದಿತು, 2024ರಲ್ಲಿ ಸ್ಟೀವರ್ಟ್ ಮರಳಿದ್ದರಿಂದ ಹೇಗೋ ಬದುಕಿಕೊಂಡಿತು ಎಂಬುದು ಆ ತೀರ್ಪಿನ ಸಾರ. ನನಗೆ ಇದು ಒಪ್ಪಿಗೆಯಿಲ್ಲ. ನೋವಾ ಅವರನ್ನು ಆರಿಸಿದ್ದು ಕಾಮಿಡಿ ಸೆಂಟ್ರಲ್ ವಾಹಿನಿಯು ಧೈರ್ಯದಿಂದ ಕೈಗೊಂಡ ತೀರ್ಮಾನವಾಗಿತ್ತು. ಅವರು ಹೋದ ಮೇಲೆ ಯಾರನ್ನೂ ಆರಿಸದೆ ಒಂದು ವರ್ಷ ದಿನ ದೂಡಿದ್ದೇ ದೊಡ್ಡ ಎಡವಟ್ಟು ಎಂಬುದು ನನ್ನ ವಾದ.

ಸ್ಟೀವರ್ಟ್ ಕೂಡ ಇನ್ನೊಬ್ಬರ ಜಾಗಕ್ಕೆ ಬಂದವರೇ. ಲಿಜ್ ವಿನ್‌ಸ್ಟೆಡ್ ಮತ್ತು ಮ್ಯಾಡಲಿನ್ ಸ್ಮಿತ್‌ಬರ್ಗ್ ಸೇರಿ ರೂಪಿಸಿದ ಈ ಕಾರ್ಯಕ್ರಮ 1996ರ ಜುಲೈನಲ್ಲಿ ಶುರುವಾದಾಗ ನಿರೂಪಕರಾಗಿದ್ದವರು ಕ್ರೇಗ್ ಕಿಲ್ಬಾರ್ನ್. ಅವರು ಸಿಬಿಎಸ್ ವಾಹಿನಿಗೆ ಹೋಗಲು ಬಿಟ್ಟ ಕುರ್ಚಿಯಲ್ಲಿ ಸ್ಟೀವರ್ಟ್ 1999ರ ಜನವರಿ 11ರಂದು ಕುಳಿತರು. ಹಳೆಯ ಬರಹಗಾರರು ತಮ್ಮನ್ನು ಎಷ್ಟು ಬಿಗುಮಾನದಿಂದ ಬರಮಾಡಿಕೊಂಡರು, ಕಾರ್ಯಕ್ರಮ ಹೇಗಿರಬೇಕೆಂದು ತಮಗೇ ಹೇಗೆ ಪಾಠ ಹೇಳಲು ಬಂದರು ಎಂಬುದನ್ನು ಸ್ಟೀವರ್ಟ್ ಮುಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. ತಾರೆಯರ ಗಾಳಿಸುದ್ದಿ ಮತ್ತು ವಿಚಿತ್ರ ಮನುಷ್ಯರ ಗೇಲಿಯಲ್ಲಿ ಮುಳುಗಿದ್ದ ಕಾರ್ಯಕ್ರಮವನ್ನು ರಾಜಕೀಯದ ಕಡೆಗೂ, ಅದಕ್ಕಿಂತ ಹೆಚ್ಚಾಗಿ ಸುದ್ದಿ ವಾಹಿನಿಗಳ ಕಡೆಗೂ ತಿರುಗಿಸಲು ಅವರಿಗೆ ಸಾಕಷ್ಟು ಸಮಯವೇ ಹಿಡಿಯಿತು. ಕಿಲ್ಬಾರ್ನ್ ಅತಿಥಿಗಳಿಗೆ ಕೇಳುತ್ತಿದ್ದ ಐದು ಪ್ರಶ್ನೆಗಳ ಆಟ ನಿಂತುಹೋಯಿತು; ಕೊನೆಯಲ್ಲಿ ಬರುವ ‘ಮೊಮೆಂಟ್ ಆಫ್ ಝೆನ್’ ತುಣುಕು ಮಾತ್ರ ಉಳಿಯಿತು. ಇಂದು ಕಿಲ್ಬಾರ್ನ್ ಅವರಿಗಾಗಿ ಹಂಬಲಿಸುವವರನ್ನು ನಾನು ಕಂಡಿಲ್ಲ. ಸ್ಟೀವರ್ಟ್ ಅವರಿಗೆ ದೊರೆತ ಆ ಸಾವಧಾನವನ್ನು ನೋವಾ ಅವರಿಗೆ ನಾವು ಕೊಟ್ಟೆವೇ?

ನ್ಯೂಜೆರ್ಸಿ ನಿವಾಸಿ

ಹೋಲಿಕೆ ಸರಿಯಾಗಿಲ್ಲ. ಕಿಲ್ಬಾರ್ನ್ ಎರಡೂವರೆ ವರ್ಷ ನಡೆಸಿದ್ದನ್ನೂ ಸ್ಟೀವರ್ಟ್ ಹದಿನಾರೂವರೆ ವರ್ಷ ನಡೆಸಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2001ರ ಸೆಪ್ಟೆಂಬರ್ 20ರ ರಾತ್ರಿ, ಸೆಪ್ಟೆಂಬರ್ 11ರ ದಾಳಿಯ ನಂತರದ ಮೊದಲ ಸಂಚಿಕೆಯಲ್ಲಿ ಸ್ಟೀವರ್ಟ್ ಅಳುತ್ತ ಮಾತನಾಡಿದ್ದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ತಮ್ಮ ಮನೆಯ ಕಿಟಕಿಯಿಂದ ಮೊದಲು ವಿಶ್ವ ವಾಣಿಜ್ಯ ಕೇಂದ್ರದ ಕಟ್ಟಡಗಳು ಕಾಣುತ್ತಿದ್ದವು, ಈಗ ಅದೇ ಕಿಟಕಿಯಿಂದ ಸ್ವಾತಂತ್ರ್ಯ ದೇವತೆಯ ಪ್ರತಿಮೆ ಕಾಣುತ್ತಿದೆ ಎಂದು ಅಂದು ಅವರು ಹೇಳಿದ್ದರು. 2004ರ ಅಕ್ಟೋಬರ್‌ನಲ್ಲಿ ಸಿಎನ್‌ಎನ್‌ನ ‘ಕ್ರಾಸ್‌ಫೈರ್’ ಚರ್ಚೆಗೆ ಅತಿಥಿಯಾಗಿ ಹೋಗಿ, ನಿಮ್ಮ ಈ ಕೂಗಾಟ ದೇಶಕ್ಕೆ ಹಾನಿ ಮಾಡುತ್ತಿದೆ ಎಂದು ನಿರೂಪಕರಿಗೆ ಮುಖಕ್ಕೆ ಹೊಡೆದಂತೆ ಹೇಳಿದರು. ಕೆಲವೇ ತಿಂಗಳಲ್ಲಿ ಸಿಎನ್‌ಎನ್ ಆ ಕಾರ್ಯಕ್ರಮವನ್ನು ನಿಲ್ಲಿಸಿತು. 2010ರ ಡಿಸೆಂಬರ್‌ನಲ್ಲಿ ಆ ಕಟ್ಟಡಗಳ ಅವಶೇಷಗಳ ನಡುವೆ ದುಡಿದು ಕಾಯಿಲೆ ಬಿದ್ದ ಅಗ್ನಿಶಾಮಕ, ಪೊಲೀಸ್ ಮತ್ತಿತರ ಸಿಬ್ಬಂದಿಯನ್ನು ಕೂರಿಸಿಕೊಂಡು ಅವರ ಚಿಕಿತ್ಸೆಯ ಮಸೂದೆಗಾಗಿ ವಾದಿಸಿದರು, ಆ ಮಸೂದೆ ಅದೇ ತಿಂಗಳು ಅಂಗೀಕಾರವಾಯಿತು.

ಇಂಥ ನಿರೂಪಕರು 2015ರ ಆಗಸ್ಟ್ 6ರಂದು ಹೊರಟಾಗ ನಮಗಾದದ್ದು ನೆಚ್ಚಿನ ಕಾರ್ಯಕ್ರಮವೊಂದು ನಿಂತ ಬೇಸರಕ್ಕಿಂತ ಬೇರೆಯೇ ಬಗೆಯದು. ಅದೂ ಚುನಾವಣೆಯ ಕಾವು ಏರುತ್ತಿದ್ದ ಹೊತ್ತು, ಡೊನಾಲ್ಡ್ ಟ್ರಂಪ್ ಸ್ಪರ್ಧೆ ಘೋಷಿಸಿ ಎರಡು ತಿಂಗಳೂ ಆಗಿರಲಿಲ್ಲ. ಆ ಹೊತ್ತಿನಲ್ಲಿ, ಕಾರ್ಯಕ್ರಮದಲ್ಲಿ ಮೂರು ಬಾರಿಯಷ್ಟೇ ಕಾಣಿಸಿಕೊಂಡಿದ್ದ ಜೋಹಾನ್ಸ್‌ಬರ್ಗ್‌ನ 31 ವರ್ಷದ ಹಾಸ್ಯಗಾರರೊಬ್ಬರನ್ನು ತಂದು ಕೂರಿಸಿದರು. ನೋವಾ ಒಳ್ಳೆಯ ಮಾತುಗಾರರು ಎಂಬುದರಲ್ಲಿ ತಕರಾರಿಲ್ಲ. ಆದರೆ ಈ ದೇಶದ ಕೇಬಲ್ ಸುದ್ದಿಯ ಬಗ್ಗೆ ನಮಗಿದ್ದ ಸಿಟ್ಟು ಅವರಿಗೆ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ವೀಕ್ಷಕರ ಸಂಖ್ಯೆ ಇಳಿದದ್ದು ಸುಮ್ಮನೆ ಅಲ್ಲ.

ಸಂಪಾದನಾ ಮೇಜು

ಸಿಟ್ಟಿನ ಮಾತು ನಿಜ. ಆದರೆ ಆ ಸಿಟ್ಟು ಪರದೆಯ ಮೇಲೆ ಬರುತ್ತಿದ್ದುದು ಹೇಗೆ ಎಂಬುದನ್ನೂ ನೋಡಬೇಕು. ನಾನು ದೃಶ್ಯ ಸಂಕಲನದ ಕೆಲಸದಲ್ಲಿರುವುದರಿಂದ ನನ್ನ ಕಣ್ಣು ಹೋಗುವುದು ಅಲ್ಲಿಗೇ. ಸ್ಟೀವರ್ಟ್ ಕಾಲದ ಮುಖ್ಯ ಆಯುಧವೆಂದರೆ ತುಣುಕುಗಳ ಜೋಡಣೆ. ಒಬ್ಬ ರಾಜಕಾರಣಿ ಅಥವಾ ನಿರೂಪಕ ಇಂದು ಹೇಳಿದ್ದನ್ನು ತೋರಿಸಿ, ಅದರ ಬೆನ್ನಿಗೇ ಅದೇ ಬಾಯಿ ಕೆಲವು ವರ್ಷಗಳ ಹಿಂದೆ ತದ್ವಿರುದ್ಧವಾಗಿ ಹೇಳಿದ್ದನ್ನು ತೋರಿಸಿ, ಆಮೇಲೆ ಒಂದೂ ಮಾತಾಡದೆ ಕ್ಯಾಮೆರಾವನ್ನು ದಿಟ್ಟಿಸುವುದು. ಬೆಳಿಗ್ಗೆ ಬರಹಗಾರರೂ ನಿರ್ಮಾಪಕರೂ ಸೇರಿ ತುಣುಕುಗಳನ್ನು ನೋಡಿ, ಹಗಲಿಡೀ ಬರೆದು ತಿದ್ದಿ, ಸಂಜೆ ಪ್ರೇಕ್ಷಕರ ಮುಂದೆ ಚಿತ್ರೀಕರಿಸಿ, ರಾತ್ರಿ 11 ಗಂಟೆಗೆ ಪ್ರಸಾರ ಮಾಡುವ ಈ ಕೆಲಸದಲ್ಲಿ ದೃಶ್ಯ ಸಂಗ್ರಹ ವಿಭಾಗದ ಪಾಲು ಬಹಳ ದೊಡ್ಡದು. ಅಂದರೆ ನೀವು ಸ್ಟೀವರ್ಟ್ ಎಂದು ಕರೆಯುತ್ತಿರುವುದರಲ್ಲಿ ಅರ್ಧ ಭಾಗ ಆ ಕಟ್ಟಡದಲ್ಲೇ ಉಳಿದಿತ್ತು. ನೋವಾ ಹಳೆಯ ಸಿಬ್ಬಂದಿಯಲ್ಲಿ ಬಹುಪಾಲು ಜನರನ್ನು ಉಳಿಸಿಕೊಂಡರು. ಇಂದು ಕಾರ್ಯಕ್ರಮದ ಮುಖ್ಯ ಹೊಣೆ ಹೊತ್ತಿರುವ ಜೆನ್ ಫ್ಲಾಂಜ್ ಕಿಲ್ಬಾರ್ನ್ ಕಾಲದಲ್ಲೇ ಅಲ್ಲಿ ಕೆಲಸಕ್ಕೆ ಸೇರಿದವರು.

ವಾಹಿನಿಯ ಎಡವಟ್ಟು 2015ರದ್ದೂ ಅಲ್ಲ, 2023ರದ್ದೂ ಅಲ್ಲ, 2013ರದ್ದು ಎಂದು ನನಗನ್ನಿಸುತ್ತದೆ. ಆ ಬೇಸಿಗೆಯಲ್ಲಿ ಸ್ಟೀವರ್ಟ್ ಚಲನಚಿತ್ರವೊಂದನ್ನು ನಿರ್ದೇಶಿಸಲು ಹೋದಾಗ ಅಲ್ಲಿನ ವರದಿಗಾರ ಜಾನ್ ಆಲಿವರ್ ಸುಮಾರು ಎರಡು ತಿಂಗಳು ಕಾರ್ಯಕ್ರಮ ನಡೆಸಿದರು. ಉತ್ತರಾಧಿಕಾರಿ ಯಾರೆಂದು ನೋಡುತ್ತಿದ್ದವರಿಗೆಲ್ಲ ಗೊತ್ತಾಯಿತು, ವಾಹಿನಿಗೊಂದು ಗೊತ್ತಾಗಲಿಲ್ಲ. ಎಚ್‌ಬಿಒ ಅವರನ್ನು ಕರೆದುಕೊಂಡಿತು, 2014ರ ಏಪ್ರಿಲ್‌ನಲ್ಲಿ ‘ಲಾಸ್ಟ್ ವೀಕ್ ಟುನೈಟ್’ ಆರಂಭವಾಯಿತು. ಹಿಂದೆ ಇಲ್ಲಿಯೇ ವರದಿಗಾರರಾಗಿದ್ದ ಸ್ಟೀಫನ್ ಕೋಲ್ಬೆರ್ ಕಾಮಿಡಿ ಸೆಂಟ್ರಲ್‌ನಲ್ಲೇ 2005ರಿಂದ ನಡೆಸುತ್ತಿದ್ದ ಕಾರ್ಯಕ್ರಮವನ್ನು 2014ರ ಡಿಸೆಂಬರ್‌ನಲ್ಲಿ ಮುಗಿಸಿ, ಡೇವಿಡ್ ಲೆಟರ್‌ಮನ್ ಅವರ ಜಾಗಕ್ಕೆ ಸಿಬಿಎಸ್‌ಗೆ ಹೋದರು. ಸಮಂತಾ ಬೀ ಅತ್ಯಂತ ದೀರ್ಘಕಾಲ ಅಲ್ಲಿ ವರದಿಗಾರ್ತಿಯಾಗಿದ್ದರೂ ಅವರನ್ನು ಕೇಳುವವರಿರಲಿಲ್ಲ. ಅವರೂ ಟಿಬಿಎಸ್‌ಗೆ ಹೊರಟರು. ಇನ್ನೊಬ್ಬ ವರದಿಗಾರ್ತಿ ಜೆಸ್ಸಿಕಾ ವಿಲಿಯಮ್ಸ್ ಅವರೇ ಆಗಲಿ ಎಂದು ಅಂತರಜಾಲದಲ್ಲಿ ಜನ ಒತ್ತಾಯಿಸಿದಾಗ, ತಮಗೆ ಇನ್ನೂ ಅಷ್ಟು ಅರ್ಹತೆ ಬಂದಿಲ್ಲ ಎಂದು ಅವರೇ ಹಿಂದೆ ಸರಿದರು. ಹಾಸ್ಯಗಾರ್ತಿ ಎಮಿ ಶೂಮರ್ ತಮಗೆ ಬಂದ ಕರೆಯನ್ನು ನಿರಾಕರಿಸಿದ್ದಾಗಿ ಬಹಿರಂಗವಾಗಿಯೇ ಹೇಳಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ಕುಳಿತವರಿಗೆ ಮದ್ದು ಬೇಕಾದಾಗ ಹಿತ್ತಲೇ ಖಾಲಿಯಾಗಿತ್ತು.

ಹೊರವರ್ತುಲ

ನ್ಯೂಜೆರ್ಸಿಯವರು ‘ನಮ್ಮ ಸಿಟ್ಟು’ ಎಂದರಲ್ಲ, ಅಲ್ಲಿಯೇ ನನ್ನ ಭಿನ್ನಾಭಿಪ್ರಾಯವಿದೆ. ನಾವು ಕೆಲವರು ಬೆಂಗಳೂರಿನಲ್ಲಿ ಸಿಎನ್‌ಎನ್ ಇಂಟರ್‌ನ್ಯಾಷನಲ್‌ನಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ‘ಗ್ಲೋಬಲ್ ಎಡಿಷನ್’ ನೋಡಿ ಸ್ಟೀವರ್ಟ್ ಅವರನ್ನು ಅರಿತವರು. ಇದು ಸುದ್ದಿಯ ಅಣಕ, ಇಲ್ಲಿನ ವರದಿಗಾರರು ಪತ್ರಕರ್ತರಲ್ಲ ಎಂಬ ಎಚ್ಚರಿಕೆಯೊಂದಿಗೆ ಅದು ಆರಂಭವಾಗುತ್ತಿತ್ತು. ಇಷ್ಟವಾಗುತ್ತಿತ್ತು, ಆದರೆ ಯಾವ ಸೆನೆಟರ್ ಯಾರು, ಫಾಕ್ಸ್ ನ್ಯೂಸ್‌ನ ಯಾವ ನಿರೂಪಕ ಏನು ಎಂಬುದು ತಿಳಿಯದೆ ಅರ್ಧ ನಗೆ ತಪ್ಪಿಹೋಗುತ್ತಿತ್ತು. ನೋವಾ ಬಂದ ಮೇಲೆ ಆ ತೊಡಕು ಸಡಿಲವಾಯಿತು. 2015ರ ಅಕ್ಟೋಬರ್‌ನಲ್ಲಿ, ಅಂದರೆ ಕೆಲಸಕ್ಕೆ ಸೇರಿದ ವಾರದಲ್ಲೇ, ಟ್ರಂಪ್ ಮಾತುಗಳ ಪಕ್ಕದಲ್ಲಿ ಜೇಕಬ್ ಜುಮಾ, ಇದಿ ಅಮೀನ್, ಗಡಾಫಿ ಇವರ ಮಾತುಗಳನ್ನಿಟ್ಟು, ಈ ಮನುಷ್ಯ ಥೇಟ್ ಆಫ್ರಿಕಾದ ಅಧ್ಯಕ್ಷನಂತೆಯೇ ಇದ್ದಾನೆ ಎಂದು ಅವರು ತೋರಿಸಿದರು. ಸಂಕಲನದವರು ಹೇಳಿದ ಅದೇ ಆಯುಧ, ತುಣುಕಿನ ಪಕ್ಕ ತುಣುಕು. ಆದರೆ ಅಮೆರಿಕದಲ್ಲೇ ಹುಟ್ಟಿ ಬೆಳೆದ ಯಾರ ತಲೆಗೂ ಆ ಜೋಡಣೆ ಸುಲಭವಾಗಿ ಹೊಳೆಯುತ್ತಿರಲಿಲ್ಲ. ಅಧಿಕಾರಕ್ಕೆ ಬಂದವರು ಹೀಗೆಲ್ಲ ಮಾತನಾಡಬಹುದೇ ಎಂದು ಅಮೆರಿಕನ್ನರು ಬೆರಗಾಗುತ್ತಿದ್ದಾಗ, ಮಾತನಾಡಬಹುದು, ನಾವು ಕೇಳಿಸಿಕೊಂಡೇ ಬೆಳೆದಿದ್ದೇವೆ ಎನ್ನುವ ಒಬ್ಬರು ಅಲ್ಲಿದ್ದರು.

2020ರ ಮೇ ಕೊನೆಯಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ ಅವರು ಮನೆಯಿಂದಲೇ ಚಿತ್ರೀಕರಿಸಿದ ಸುಮಾರು ಹದಿನೆಂಟು ನಿಮಿಷಗಳ ಮಾತನ್ನು ನೋಡಿ. ಪ್ರೇಕ್ಷಕರಿಲ್ಲ, ನಗೆಯಿಲ್ಲ, ಕೋಟು ಟೈ ಇಲ್ಲ. ಸಮಾಜವೆಂಬುದು ನಾವೆಲ್ಲ ಸಹಿ ಹಾಕಿದ ಒಪ್ಪಂದ, ಕಾನೂನು ಕಾಯಬೇಕಾದವರೇ ಅದನ್ನು ಮುರಿದರೆ ಉಳಿದವರು ಏಕೆ ಪಾಲಿಸಬೇಕು ಎಂಬ ತರ್ಕವನ್ನು ಅವರು ನಿಧಾನವಾಗಿ ಬಿಡಿಸುತ್ತ ಹೋಗುತ್ತಾರೆ. ಸ್ಟೀವರ್ಟ್ ಇಂಥ ಹೊತ್ತಿನಲ್ಲಿ ಕುದಿಯುತ್ತಿದ್ದರು, ನೋವಾ ವಿವರಿಸಿದರು. ಎರಡಕ್ಕೂ ಸ್ಥಾನವಿದೆ. ಜಾಹೀರಾತು ವಿರಾಮದಲ್ಲಿ ಪ್ರೇಕ್ಷಕರೊಂದಿಗೆ ಅವರು ಆಡುತ್ತಿದ್ದ ಮಾತುಗಳನ್ನು ‘ಬಿಟ್ವೀನ್ ದ ಸೀನ್ಸ್’ ಎಂದು ಪ್ರತ್ಯೇಕವಾಗಿ ಯೂಟ್ಯೂಬ್‌ಗೆ ಹಾಕಿದರು, ಅದಕ್ಕೆ 2017ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು. ಇದನ್ನು ನೋಡಿದ ನಮ್ಮಂಥವರು ಅಮೆರಿಕದ ವೀಕ್ಷಕರ ಲೆಕ್ಕದಲ್ಲಿ ಎಲ್ಲಿಯೂ ಸೇರುವುದಿಲ್ಲ. ಕೇಬಲ್ ಸಂಪರ್ಕವನ್ನೇ ಜನ ಕಿತ್ತುಹಾಕುತ್ತಿದ್ದ ವರ್ಷಗಳಲ್ಲಿ ಕೇಬಲ್ ಲೆಕ್ಕವೊಂದನ್ನೇ ಹಿಡಿದು ಒಬ್ಬರನ್ನು ಸೋತವರೆನ್ನುವುದು ನ್ಯಾಯವಲ್ಲ.

(2023ರ ಸೆಪ್ಟೆಂಬರ್‌ನಲ್ಲಿ ನೋವಾ ಬೆಂಗಳೂರಿಗೆ ಬಂದಾಗ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಅವರೂ ಸಿಕ್ಕಿಬಿದ್ದರು, ನಾವೂ ಸಿಕ್ಕಿಬಿದ್ದೆವು; ಕೊನೆಗೆ ಧ್ವನಿವ್ಯವಸ್ಥೆ ಕೈಕೊಟ್ಟು ಪ್ರದರ್ಶನವೇ ರದ್ದಾಯಿತು. ವೇದಿಕೆಯ ಮೇಲೆ ಅವರ ತುಟಿ ಆಡುತ್ತಿತ್ತು, ಹಿಂದಿನ ಸಾಲುಗಳಿಗೆ ಮಾತು ಮುಟ್ಟುತ್ತಿರಲಿಲ್ಲ. ಈ ಊರಿನ ಬಗ್ಗೆ ಅವರಿಗೆ ಒಂದಿಡೀ ಸಂಚಿಕೆಗಾಗುವಷ್ಟು ಸಾಮಗ್ರಿಯನ್ನಂತೂ ನಾವು ಒದಗಿಸಿದೆವು.)

ಥೇಮ್ಸ್ ದಂಡೆ

ಶಾಶ್ವತ ನಿರೂಪಕರೇ ಬೇಕು ಎಂಬುದನ್ನು ಎಲ್ಲರೂ ಒಪ್ಪಿಕೊಂಡೇ ಮಾತನಾಡುತ್ತಿದ್ದೀರಿ. ಬ್ರಿಟನ್ನಿನಲ್ಲಿ ಬೇರೆ ದಾರಿಯೊಂದಿದೆ. ಬಿಬಿಸಿಯ ಸುದ್ದಿ ಹಾಸ್ಯದ ರಸಪ್ರಶ್ನೆ ಕಾರ್ಯಕ್ರಮ ‘ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ’ 1990ರಲ್ಲಿ ಆರಂಭವಾದಾಗಿನಿಂದ ಆಂಗಸ್ ಡೇಟನ್ ಅದರ ನಿರೂಪಕರಾಗಿದ್ದರು. ಅವರ ಖಾಸಗಿ ಬದುಕು ಪತ್ರಿಕೆಗಳ ಮುಖಪುಟಕ್ಕೆ ಬಂದ ಮೇಲೆ, ಪರರನ್ನು ಅಣಕಿಸುವ ಕುರ್ಚಿಯಲ್ಲಿ ತಾವೇ ಅಣಕದ ವಸ್ತುವಾಗಿ ಕೂರುವುದು ಅಸಾಧ್ಯವಾಗಿ, 2002ರ ಅಕ್ಟೋಬರ್‌ನಲ್ಲಿ ಅವರನ್ನು ತೆಗೆದರು. ತಾತ್ಕಾಲಿಕವೆಂದು ವಾರಕ್ಕೊಬ್ಬ ಅತಿಥಿ ನಿರೂಪಕರನ್ನು ಕರೆಯತೊಡಗಿದರು. ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಎರಡು ದಶಕಗಳಾದರೂ ಇಂದಿಗೂ ಅದೇ ಪದ್ಧತಿ. ಆ ಕುರ್ಚಿಯಲ್ಲಿ ಕುಳಿತ ಬೋರಿಸ್ ಜಾನ್ಸನ್ ಮುಂದೆ ಪ್ರಧಾನಿಯೇ ಆದರು, ಅದು ಹಾಸ್ಯಕ್ಕೆ ಸಂದ ಗೌರವವೋ ದೇಶಕ್ಕೆ ಬಂದ ಗ್ರಹಚಾರವೋ ಎಂಬುದು ಬೇರೆ ಚರ್ಚೆ. ಹಾಗಿರುವಾಗ 2023ರ ಅತಿಥಿ ನಿರೂಪಕರ ಸಾಲನ್ನು ಎಡವಟ್ಟು ಎನ್ನುವುದೇಕೆ?

ತಡರಾತ್ರಿ ವೀಕ್ಷಕ

ಒಳ್ಳೆಯ ಉದಾಹರಣೆ. ಆದರೆ ಬಿಬಿಸಿಯ ಆ ಕಾರ್ಯಕ್ರಮದಲ್ಲಿ ಇಯಾನ್ ಹಿಸ್ಲಪ್ ಮತ್ತು ಪಾಲ್ ಮರ್ಟನ್ ಎಂಬ ಇಬ್ಬರು ತಂಡದ ನಾಯಕರಾಗಿ ಬಹುತೇಕ ಉದ್ದಕ್ಕೂ ಇದ್ದಾರೆ. ನಡುವೆ ಕೂರುವವರು ಯಾರೇ ಇರಲಿ, ಕಾರ್ಯಕ್ರಮದ ದನಿ ಆ ಇಬ್ಬರದು. ಯಕ್ಷಗಾನ ಮೇಳದಲ್ಲಿ ವೇಷಧಾರಿಗಳು ಬದಲಾದರೂ ಭಾಗವತರು ಅವರೇ ಇದ್ದರೆ ಆಟ ಸಾಗುತ್ತದೆ. ಪ್ರತಿ ವಾರ ಭಾಗವತರನ್ನೇ ಬದಲಿಸಿದರೆ ಸಾಗದು. ‘ಡೈಲಿ ಶೋ’ದಲ್ಲಿ ಆ ನಡುವಿನ ಕುರ್ಚಿಯೇ ಭಾಗವತಿಕೆ. ಅದೂ ವಾರಕ್ಕೆ ನಾಲ್ಕು ರಾತ್ರಿ.

2023ರಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2022ರ ಸೆಪ್ಟೆಂಬರ್ ಕೊನೆಯಲ್ಲಿ ನೋವಾ ತಾವು ಹೊರಡುವುದಾಗಿ ಹೇಳಿದರು, ಡಿಸೆಂಬರ್ 8ಕ್ಕೆ ಕೊನೆಯ ಸಂಚಿಕೆ ನಡೆಯಿತು. ಜನವರಿಯಲ್ಲಿ ಲೆಸ್ಲಿ ಜೋನ್ಸ್ ಅವರಿಂದ ಅತಿಥಿಗಳ ಸಾಲು ಆರಂಭವಾಯಿತು. ವಾಂಡಾ ಸೈಕ್ಸ್, ಸಾರಾ ಸಿಲ್ವರ್‌ಮನ್, ಹಸನ್ ಮಿನ್ಹಾಜ್, ಕಲ್ ಪೆನ್, ಸೆನೆಟರ್ ಆಗಿದ್ದ ಆಲ್ ಫ್ರಾಂಕನ್ ಹೀಗೆ ವಾರಕ್ಕೊಬ್ಬರು. ಒಬ್ಬರ ಲಯ ಕಿವಿಗೆ ಹಿಡಿಯುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಮೇ 2ರಿಂದ ಬರಹಗಾರರ ಮುಷ್ಕರ, ಕಾರ್ಯಕ್ರಮ ಸ್ಥಗಿತ. ಮುಷ್ಕರ ಮುಗಿಯುವ ಹೊತ್ತಿಗೆ ಮಿನ್ಹಾಜ್ ಅವರ ಹೆಸರು ಬಹುತೇಕ ನಿರ್ಧಾರವಾಗಿತ್ತೆಂಬ ವರದಿಗಳಿದ್ದವು. ಅಲೀಗಢದಿಂದ ವಲಸೆ ಹೋದ ದಂಪತಿಯ ಮಗ, ಸ್ಟೀವರ್ಟ್ ಅವರೇ 2014ರಲ್ಲಿ ಆರಿಸಿದ ವರದಿಗಾರ. ಅಷ್ಟರಲ್ಲಿ, ಅವರು ವೇದಿಕೆಯಲ್ಲಿ ತಮ್ಮದೇ ಅನುಭವವೆಂದು ಹೇಳಿದ ಕೆಲವು ಘಟನೆಗಳು ನಡೆದೇ ಇರಲಿಲ್ಲವೆಂದು ಸೆಪ್ಟೆಂಬರ್‌ನಲ್ಲಿ ‘ದಿ ನ್ಯೂಯಾರ್ಕರ್’ ಬರೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಕ್ಟೋಬರ್‌ನಲ್ಲಿ, ವರದಿಗಾರರಾಗಿ ಎಂಟು ವರ್ಷ ದುಡಿದ ರಾಯ್ ವುಡ್ ಜೂನಿಯರ್, ಇನ್ನೂ ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲವೆಂದು ಹೊರಬಿದ್ದರು. ಅದೇ ರಾಯ್ ವುಡ್ 2024ರ ಸೆಪ್ಟೆಂಬರ್‌ನಿಂದ ಸಿಎನ್‌ಎನ್‌ನಲ್ಲಿ ನಡೆಸುತ್ತಿರುವುದು ಯಾವುದನ್ನು ಗೊತ್ತೇ? ಥೇಮ್ಸ್ ದಂಡೆಯವರು ಹೇಳಿದ ಕಾರ್ಯಕ್ರಮದ ಅಮೆರಿಕನ್ ಆವೃತ್ತಿಯನ್ನು, ಶಾಶ್ವತ ನಿರೂಪಕರಾಗಿ.

ಹಳೆಯ ಚಂದಾದಾರ

ಕನ್ನಡದಲ್ಲಿ ಇದಕ್ಕೆ ಸಮಾನವಾದ ದೂರದರ್ಶನ ಕಾರ್ಯಕ್ರಮ ನನಗೆ ತೋಚುತ್ತಿಲ್ಲ, ಆದರೆ ಪತ್ರಿಕೆಗಳಲ್ಲಿ ಎರಡು ಉದಾಹರಣೆಗಳಿವೆ. ವೈದ್ಯರಾಗಿದ್ದ ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಲ್ಲಿ 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಲಿಲ್ಲ, ಇಪ್ಪತ್ತೈದು ವರ್ಷ ನಡೆಸಿ 1967ರಲ್ಲಿ ನಿಲ್ಲಿಸಿದರು. ‘ಅಪರಂಜಿ’ ಹುಟ್ಟಿದ್ದು 1983ರಲ್ಲಿ, ಬೇರೆಯೇ ಹೆಸರಿನಲ್ಲಿ. ಇನ್ನೊಂದು ‘ಲಂಕೇಶ್ ಪತ್ರಿಕೆ’. 2000ದ ಜನವರಿಯಲ್ಲಿ ಲಂಕೇಶರು ತೀರಿಕೊಂಡ ಮೇಲೆ ಗೌರಿ ಸಂಪಾದಕರಾದರು. ನನ್ನಂಥ ಓದುಗರು ಮೊದಲ ವರ್ಷಗಳಲ್ಲಿ ಪ್ರತಿ ಸಂಚಿಕೆಯಲ್ಲೂ ಅಪ್ಪನ ವ್ಯಂಗ್ಯವನ್ನೇ ಹುಡುಕಿದೆವು, ಸಿಗದಿದ್ದಾಗ ಮೂಗು ಮುರಿದೆವು. ಅವರ ದಾರಿ ಬೇರೆಯಿತ್ತು. ಚಳವಳಿಗಳ ಜೊತೆ ಬೆರೆತ, ವ್ಯಂಗ್ಯಕ್ಕಿಂತ ನೇರ ಮಾತಿನ ಪತ್ರಿಕೋದ್ಯಮ ಅದು. 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ ಬೇರೆಯಾಗಿ ಬಂದ ಮೇಲೆಯೇ ಹಲವರು ಅದನ್ನು ಅವರದೆಂದು ಓದತೊಡಗಿದ್ದು. ಪ್ರೀತಿಸಿದ ದನಿಯೊಂದರ ಹೆಸರನ್ನು ಹೊತ್ತುಕೊಂಡೇ ತನ್ನ ದನಿ ಕಂಡುಕೊಳ್ಳುವುದು ಎಷ್ಟು ಭಾರದ ಕೆಲಸ ಎಂಬುದನ್ನು ನೋವಾ ಪ್ರಕರಣ ಓದುವಾಗ ನೆನೆದುಕೊಂಡೆ.

ನ್ಯೂಜೆರ್ಸಿ ನಿವಾಸಿ

ಲಂಕೇಶರ ಉದಾಹರಣೆ ಮನಸ್ಸಿಗೆ ತಟ್ಟಿತು, ಆದರೂ ಸ್ಟೀವರ್ಟ್ ಮರಳಿದ್ದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವುದನ್ನು ಒಪ್ಪಲಾರೆ. ನಡುವೆ ಅವರು ಆಪಲ್ ಸಂಸ್ಥೆಗಾಗಿ 2021ರಿಂದ 2023ರವರೆಗೆ ನಡೆಸಿದ ಕಾರ್ಯಕ್ರಮ, ಚೀನಾ ಮತ್ತು ಕೃತಕ ಬುದ್ಧಿಮತ್ತೆಯಂಥ ವಿಷಯಗಳ ಬಗ್ಗೆ ಸಂಸ್ಥೆಯೊಂದಿಗೆ ಉಂಟಾದ ಭಿನ್ನಾಭಿಪ್ರಾಯದಿಂದ ನಿಂತಿತೆಂದು ವರದಿಯಾಗಿತ್ತು. 2024ರ ಫೆಬ್ರವರಿ 12ರಂದು ಹಳೆಯ ಕುರ್ಚಿಗೆ ಬಂದವರು ಮೊದಲ ರಾತ್ರಿಯೇ ಟ್ರಂಪ್ ಜೊತೆಗೆ ಬೈಡನ್ ಅವರ ವಯಸ್ಸನ್ನೂ ಎತ್ತಿಕೊಂಡರು. ಡೆಮಾಕ್ರಟಿಕ್ ಪಕ್ಷದ ಬೆಂಬಲಿಗರು ಕೆಂಡವಾದರು, ಇಬ್ಬರನ್ನೂ ಸಮ ಮಾಡಿದರೆಂದು ದೂರಿದರು. ಆ ಬೇಸಿಗೆಯಲ್ಲಿ ಬೈಡನ್ ಸ್ಪರ್ಧೆಯಿಂದಲೇ ಹಿಂದೆ ಸರಿಯಬೇಕಾಯಿತು. ತನ್ನದೇ ಪ್ರೇಕ್ಷಕರು ಕೇಳಲೊಲ್ಲದ್ದನ್ನು ಮೊದಲ ದಿನವೇ ಹೇಳುವ ಈ ಸಲುಗೆಯನ್ನು ಹೊಸಬರಿಗೆ ಯಾರು ಕೊಡುತ್ತಿದ್ದರು? ಹದಿನಾರು ವರ್ಷ ಗಳಿಸಿದ್ದ ವಿಶ್ವಾಸವನ್ನು ಅವರು ಖರ್ಚು ಮಾಡಿದರು.

ಸಂಪಾದನಾ ಮೇಜು

ಸ್ಟೀವರ್ಟ್ ಈಗ ನಡೆಸುವುದು ಸೋಮವಾರ ಮಾತ್ರ, ಆ ಗಳಿಕೆ ಅಂದಷ್ಟೇ ಖರ್ಚಾಗುತ್ತಿದೆ ಎಂಬುದೇ ನನ್ನ ಚಿಂತೆ. ಮಂಗಳವಾರದಿಂದ ಗುರುವಾರದವರೆಗೆ ಡೆಸಿ ಲೈಡಿಕ್, ಜೋರ್ಡನ್ ಕ್ಲೆಪರ್, ಮೈಕೆಲ್ ಕೋಸ್ಟಾ, ರಾನಿ ಚಿಯೆಂಗ್ ಸರದಿಯಲ್ಲಿ ನಡೆಸುತ್ತಾರೆ. 2025ರಲ್ಲಿ ಜೋಶ್ ಜಾನ್ಸನ್ ಕೂಡ ಸೇರಿದರು. ಇವರಲ್ಲಿ ಯಾರೂ ಹೊರಗಿನಿಂದ ಬಂದ ತಾರೆಯರಲ್ಲ, ಎಲ್ಲರೂ ಆ ಕಟ್ಟಡದಲ್ಲೇ ಪಳಗಿದವರು. ಹಾಗಾಗಿ ಈ ಸರದಿ 2023ರ ಅತಿಥಿಗಳ ಜಾತ್ರೆಗಿಂತ ಎಷ್ಟೋ ಮೇಲು, ಬಿಬಿಸಿಯ ಪದ್ಧತಿಗೂ ಹತ್ತಿರ. ಆದರೆ ಸ್ಟೀವರ್ಟ್ ಒಪ್ಪಂದ ಮೊದಲು 2025ರ ಕೊನೆಗೆ ಮುಗಿಯಬೇಕಿತ್ತು, ಈಗ 2026ರ ಡಿಸೆಂಬರ್‌ವರೆಗೆ ಮುಂದುವರಿದಿದೆ. ಪ್ರತಿ ಬಾರಿ ಅದು ಮುಂದುವರಿದಾಗಲೂ ಉತ್ತರಾಧಿಕಾರಿಯ ಮಾತು ಒಂದು ವರ್ಷ ಹಿಂದಕ್ಕೆ ಹೋಗುತ್ತದೆ.

ಇನ್ನೊಂದು ಕಡೆ ನೋಡಿ. ಕೋಲ್ಬೆರ್ ಅವರ ‘ಲೇಟ್ ಶೋ’ವನ್ನು 2026ರ ಮೇ ತಿಂಗಳಲ್ಲಿ ಕೊನೆಗೊಳಿಸುವುದಾಗಿ ಸಿಬಿಎಸ್ 2025ರ ಜುಲೈನಲ್ಲಿ ಪ್ರಕಟಿಸಿತು. ಬದಲಿ ನಿರೂಪಕರ ಹೆಸರು ಹೇಳಲಿಲ್ಲ. ಲೆಟರ್‌ಮನ್ 1993ರಲ್ಲಿ ಆರಂಭಿಸಿದ ಆ ಕಾರ್ಯಕ್ರಮವನ್ನೇ ಮುಚ್ಚುವುದಾಗಿ ಹೇಳಿತು. ಕಾರಣ ಸಂಪೂರ್ಣವಾಗಿ ಹಣಕಾಸಿನದ್ದು ಎಂಬುದು ಸಂಸ್ಥೆಯ ಮಾತು. ಆದರೆ ಅದೇ ತಿಂಗಳು ಮಾತೃಸಂಸ್ಥೆ ಪ್ಯಾರಾಮೌಂಟ್ ಟ್ರಂಪ್ ಹೂಡಿದ್ದ ಮೊಕದ್ದಮೆಯನ್ನು 1.6 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತ್ತು, ಸ್ಕೈಡಾನ್ಸ್ ಎಂಬ ಸಂಸ್ಥೆಯ ಜೊತೆಗಿನ ವಿಲೀನಕ್ಕೆ ಸರ್ಕಾರದ ಒಪ್ಪಿಗೆಯನ್ನೂ ಕಾಯುತ್ತಿತ್ತು. ಕಾಮಿಡಿ ಸೆಂಟ್ರಲ್ ಕೂಡ ಅದೇ ಪ್ಯಾರಾಮೌಂಟ್‌ನ ಆಸ್ತಿ. ಸ್ಟೀವರ್ಟ್ ಎದ್ದ ದಿನ ಮಾಲೀಕರಿಗೆ ಹೊಸ ನಿರೂಪಕರನ್ನು ಹುಡುಕುವುದು ಸುಲಭವಾಗಿ ಕಾಣುತ್ತದೆಯೋ, ಕುರ್ಚಿಯನ್ನೇ ಎತ್ತಿಬಿಡುವುದು ಸುಲಭವಾಗಿ ಕಾಣುತ್ತದೆಯೋ? ಅದಕ್ಕೇ ನಾನು ಹೇಳುವುದು, ಅವರು ಅಲ್ಲಿರುವಾಗಲೇ ಜೋಶ್ ಜಾನ್ಸನ್ ಅವರಿಗೆ ನಾಲ್ಕು ರಾತ್ರಿಗಳನ್ನೂ ಒಪ್ಪಿಸಿಬಿಡಲಿ.

ತಡರಾತ್ರಿ ವೀಕ್ಷಕ

ಜಾನ್ಸನ್ ಆಯ್ಕೆಗೆ ನನ್ನ ಪೂರ್ಣ ಸಹಮತವಿದೆ. ನೋವಾ ಕಾಲದಲ್ಲಿ ಬರಹಗಾರರಾಗಿ ಸೇರಿದವರು, ಸ್ವಂತ ಹಾಸ್ಯ ಪ್ರದರ್ಶನಗಳನ್ನು ಯೂಟ್ಯೂಬ್‌ಗೆ ಹಾಕುತ್ತಲೇ ತಮ್ಮದೇ ಪ್ರೇಕ್ಷಕರನ್ನು ಕಟ್ಟಿಕೊಂಡವರು. ವಾಹಿನಿ ಕೈಬಿಟ್ಟರೂ ಅವರ ಮಾತು ನಿಲ್ಲುವುದಿಲ್ಲ. ನಾಲ್ಕೂ ರಾತ್ರಿ ಒಮ್ಮೆಗೇ ಬೇಡ, ಸೋಮವಾರವೊಂದನ್ನು ಮೊದಲು ಬಿಟ್ಟುಕೊಡಲಿ. ಜನ ನೋಡುವುದು ಆ ದಿನವನ್ನೇ.

ನ್ಯೂಜೆರ್ಸಿ ನಿವಾಸಿ

ಮಂಗಳವಾರ ಕೊಡಿ, ಬುಧವಾರ ಕೊಡಿ, ಸೋಮವಾರ ಮಾತ್ರ 2026ರ ಡಿಸೆಂಬರ್‌ವರೆಗೆ ನಮ್ಮದೇ ಇರಲಿ.